ತಂಡದ ಆಯ್ಕೆ: ಪಟ್ಟಿಯ ಚರ್ಚೆ ಮತ್ತು ಪಟ್ಟಿಗೂ ಮೊದಲಿನ ದಾರಿ

ರಾಷ್ಟ್ರೀಯ ತಂಡದ ಆಯ್ಕೆ ಒಂದೇ ಸಭೆಯಲ್ಲಿ ಮುಗಿಯುವ ಕೆಲಸವಲ್ಲ. ಮೊದಲು ಸಂಭಾವ್ಯರ ಪಟ್ಟಿ ತಯಾರಾಗುತ್ತದೆ. ಅದರಿಂದ ಪ್ರವಾಸಕ್ಕೆ ಹೊರಡುವ ತಂಡ, ಆ ತಂಡದಿಂದ ಪಂದ್ಯದ ದಿನ ಕಣಕ್ಕಿಳಿಯುವವರು. ಮೊದಲೆರಡನ್ನು ಸಾಮಾನ್ಯವಾಗಿ ಆಯ್ಕೆ ಸಮಿತಿ ಮಾಡುತ್ತದೆ, ಮೂರನೆಯದನ್ನು ನಾಯಕ ಮತ್ತು ತರಬೇತುದಾರರು. ಅಂತರರಾಷ್ಟ್ರೀಯ ಪಂದ್ಯ ಹತ್ತಿರ ಬಂದಾಗ ಪತ್ರಿಕೆಗಳಲ್ಲೂ ಹೋಟೆಲ್ ಕಟ್ಟೆಯಲ್ಲೂ ನಡೆಯುವ ವಾದ ಹೆಚ್ಚಾಗಿ ಕೊನೆಯ ಎರಡು ಹಂತಗಳ ಮೇಲೆ. ಇವರನ್ನು ಏಕೆ ಕೈಬಿಟ್ಟರು, ಅವರಿಗೆ ಏಕೆ ಇನ್ನೊಂದು ಅವಕಾಶ ಕೊಟ್ಟರು ಎಂಬುದೇ ಅದರ ತಿರುಳು. ಸಂಭಾವ್ಯರ ಪಟ್ಟಿ ಬರೆಯುವವರ ಕಣ್ಣಿಗೆ ಯಾರು ಬಿದ್ದರು, ಯಾರು ಬೀಳಲೇ ಇಲ್ಲ ಎಂಬ ಮೊದಲ ಪ್ರಶ್ನೆಗೆ ಅಷ್ಟು ಮಾತು ಸಿಗುವುದಿಲ್ಲ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಮಲೆಯಿಂದ ನೋಡಿದರೆ ಈ ಮೊದಲ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಆದರೆ ಅದಕ್ಕೆ ಬರುವ ಮುನ್ನ ಉಳಿದ ಹಂತಗಳ ವಾದಗಳು ಯಾವ ಬಗೆಯವು, ಅವುಗಳಲ್ಲಿ ಯಾವುದಕ್ಕೆ ಉತ್ತರವಿದೆ ಎಂದು ನೋಡಬೇಕು.

ತಂಡದ ಆಯ್ಕೆ ಇಡೀ ನಾಡಿನ ಚರ್ಚೆಯಾಗುವುದಕ್ಕೆ ರಗ್ಬಿ ಆಡುವ ದೇಶಗಳು ಒಳ್ಳೆಯ ಉದಾಹರಣೆ. ಅಲ್ಲಿ ಪಂದ್ಯವೊಂದಕ್ಕೆ 23 ಮಂದಿಯ ತಂಡ. 15 ಮಂದಿ ಆಟ ಆರಂಭಿಸುತ್ತಾರೆ, 8 ಮಂದಿ ಬೆಂಚಿನಲ್ಲಿರುತ್ತಾರೆ. ಈ ಎಂಟರಲ್ಲಿ ಮುಂಪಡೆಯವರೆಷ್ಟು, ಹಿಂಪಡೆಯವರೆಷ್ಟು ಎಂಬುದೇ ವಾರಗಟ್ಟಲೆ ವಾದಕ್ಕೆ ಸಾಕು. 2023ರ ವಿಶ್ವಕಪ್ ಫೈನಲ್‌ಗೆ ದಕ್ಷಿಣ ಆಫ್ರಿಕಾ ಬೆಂಚಿನಲ್ಲಿ 7 ಮುಂಪಡೆಯವರನ್ನೂ ಒಬ್ಬನೇ ಹಿಂಪಡೆ ಆಟಗಾರನನ್ನೂ ಇಟ್ಟುಕೊಂಡಿತು. ಹಿಂಪಡೆಯಲ್ಲಿ ಇಬ್ಬರಿಗೆ ಪೆಟ್ಟಾಗಿದ್ದರೆ ತಂಡದ ಗತಿ ಏನಾಗುತ್ತಿತ್ತು ಎಂದು ಕೇಳುವುದು ಸುಲಭ. ಆದರೆ ಪ್ಯಾರಿಸ್‌ನಲ್ಲಿ ಅವರು ನ್ಯೂಜಿಲೆಂಡನ್ನು 12–11ರಿಂದ ಸೋಲಿಸಿದರು. ಇದೇ ಆಟದಲ್ಲಿ ಆಯ್ಕೆಯ ಅನ್ಯಾಯದ ಕಹಿ ಚರಿತ್ರೆಯೂ ಇದೆ. ದಕ್ಷಿಣ ಆಫ್ರಿಕಾದ ವರ್ಣನೀತಿಗೆ ತಲೆಬಾಗಿ ನ್ಯೂಜಿಲೆಂಡ್ 1960ರ ಪ್ರವಾಸಕ್ಕೆ ಮಾವೊರಿ ಆಟಗಾರರನ್ನು ಬಿಟ್ಟೇ ತಂಡ ಕಳಿಸಿತು. ಅದರ ವಿರುದ್ಧ ಅಲ್ಲಿನ ಜನ ದೊಡ್ಡ ಸಹಿ ಚಳವಳಿಯನ್ನೇ ನಡೆಸಿದರು. ಯಾರು ಚೆನ್ನಾಗಿ ಆಡುತ್ತಾರೆ ಎಂಬ ಪ್ರಶ್ನೆಯ ಹಿಂದೆ ಯಾರನ್ನು ಆಡಲು ಬಿಡುತ್ತಾರೆ ಎಂಬ ಪ್ರಶ್ನೆ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಭಾರತಕ್ಕೆ ರಗ್ಬಿ ಹೊಸದಲ್ಲ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ 1879ರಿಂದ ಆಡುತ್ತಿರುವ ಕಲ್ಕತ್ತಾ ಕಪ್, ಮುಚ್ಚಿಹೋದ ಕಲ್ಕತ್ತಾ ಕ್ಲಬ್ಬಿನ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿದ್ದು. ಆದರೂ ಬಿಳಿಯ ತೋಟಗಾರರು ಇದ್ದು ಹೋದ ಕಾಫಿ ಸೀಮೆಯಲ್ಲಿ ಈ ಆಟ ಬೇರೂರಲಿಲ್ಲ. ಇಂದು ಭಾರತದ ರಗ್ಬಿ ತಂಡಗಳಿಗೆ ಆಟಗಾರರು ಬರುವ ಮುಖ್ಯ ನೆಲೆಗಳಲ್ಲಿ ಭುವನೇಶ್ವರದ ಕಳಿಂಗ ಸಮಾಜ ವಿಜ್ಞಾನ ಸಂಸ್ಥೆಯೂ ಒಂದು. ಒಡಿಶಾದ ಗುಡ್ಡಗಾಡಿನ ಆದಿವಾಸಿ ಮಕ್ಕಳು ಓದುವ ವಸತಿ ಶಾಲೆ ಅದು. ಒಂದೇ ಸೂರಿನಡಿ ಊಟ, ಓದು, ಮೈದಾನ ಮೂರೂ ಸಿಕ್ಕಿದ್ದರಿಂದ ಆ ಮಕ್ಕಳು ಆಯ್ಕೆಗಾರರ ಕಣ್ಣಿಗೆ ಬಿದ್ದರು. ಮಲೆನಾಡಿನ ಪ್ರಶ್ನೆಗೆ ಈ ಅಂಶ ಬಹಳ ಮುಖ್ಯ.

ಚಿಕ್ಕಮಗಳೂರು ಜಿಲ್ಲೆಯಲ್ಲಿ ರಾಷ್ಟ್ರೀಯ ತಂಡದ ಮಾತು ಎದ್ದರೆ ಎರಡು ಹೆಸರು ಬರುತ್ತವೆ: ಕಡೂರಿನ ಕ್ರಿಕೆಟ್ ಆಟಗಾರ್ತಿ ವೇದಾ ಕೃಷ್ಣಮೂರ್ತಿ, ಮೂಡಿಗೆರೆ ತಾಲ್ಲೂಕಿನ ಬಾಳೂರು ಭಾಗದ ಓಟಗಾರ್ತಿ ರಕ್ಷಿತಾ ರಾಜು. ಒಬ್ಬರ ಆಯ್ಕೆ ನಿಂತದ್ದು ಆಯ್ಕೆಗಾರರ ಅಂದಾಜಿನ ಮೇಲೆ, ಇನ್ನೊಬ್ಬರದು ಗಡಿಯಾರದ ಮೇಲೆ. ಆಯ್ಕೆಯ ಎರಡು ಮುಖ್ಯ ಪದ್ಧತಿಗಳನ್ನು ಈ ಇಬ್ಬರ ಮೂಲಕವೇ ನೋಡಬಹುದು.

ವೇದಾ 1992ರಲ್ಲಿ ಹುಟ್ಟಿದವರು. 2005ರಲ್ಲಿ ಬೆಂಗಳೂರಿಗೆ ಬಂದು ಇರ್ಫಾನ್ ಸೇಠ್ ಅವರ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಕ್ರಿಕೆಟ್‌ನಲ್ಲಿ ಕಲಿತರು. 2011ರ ಜೂನ್‌ನಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಡರ್ಬಿಯಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಏಕದಿನ ಪಂದ್ಯ ಆಡಿ 51 ರನ್ ಹೊಡೆದರು. ಆರು ವರ್ಷದ ನಂತರ ಅದೇ ಡರ್ಬಿಯಲ್ಲಿ ನಡೆದ ಪಂದ್ಯ ಆಯ್ಕೆಯ ಚರ್ಚೆಗೆ ಪಾಠದಂತಿದೆ. 2017ರ ಜುಲೈ 15ರಂದು ವಿಶ್ವಕಪ್ ಸೆಮಿಫೈನಲ್ ತಲುಪಲು ಭಾರತ ನ್ಯೂಜಿಲೆಂಡನ್ನು ಸೋಲಿಸಲೇಬೇಕಿತ್ತು. ಎಡಗೈ ಸ್ಪಿನ್ನರ್ ಏಕ್ತಾ ಬಿಷ್ಟ್ ಅದೇ ಮೈದಾನದಲ್ಲಿ ಎರಡು ವಾರದ ಹಿಂದೆ ಪಾಕಿಸ್ತಾನದ ವಿರುದ್ಧ 18 ರನ್‌ಗೆ 5 ವಿಕೆಟ್ ಕಿತ್ತಿದ್ದರು. ಅವರನ್ನು ಬಿಟ್ಟು, ಆ ಟೂರ್ನಿಯಲ್ಲಿ ಒಂದೂ ಪಂದ್ಯ ಆಡದಿದ್ದ ವಿಜಯಪುರದ ರಾಜೇಶ್ವರಿ ಗಾಯಕವಾಡ್ ಅವರನ್ನು ಇಳಿಸಲಾಯಿತು. ಅವರೂ ಎಡಗೈ ಸ್ಪಿನ್ನರೇ. ಅಂದು ಬೆಳಿಗ್ಗೆ ಯಾರಾದರೂ ಈ ತೀರ್ಮಾನವನ್ನು ಟೀಕಿಸಿದ್ದರೆ ಅದು ನ್ಯಾಯವಾದ ಟೀಕೆಯೇ ಆಗಿರುತ್ತಿತ್ತು. ಸಂಜೆಯ ಹೊತ್ತಿಗೆ ರಾಜೇಶ್ವರಿ 15 ರನ್‌ಗೆ 5 ವಿಕೆಟ್ ಪಡೆದು ನ್ಯೂಜಿಲೆಂಡ್ 79ಕ್ಕೆ ಕುಸಿದಿತ್ತು. ಮೊದಲು ಬ್ಯಾಟ್ ಮಾಡಿದ ಭಾರತಕ್ಕೆ ಮಿಥಾಲಿ ರಾಜ್ 109 ರನ್ ಕೊಟ್ಟರೆ, ವೇದಾ 45 ಎಸೆತಗಳಲ್ಲಿ 70 ಹೊಡೆದು ಮೊತ್ತವನ್ನು 265ಕ್ಕೆ ಎತ್ತಿದ್ದರು.

ಫಲಿತಾಂಶ ನೋಡಿಕೊಂಡು ಆಯ್ಕೆಯನ್ನು ಅಳೆಯುವುದು ಎಷ್ಟು ಅಪಾಯ ಎಂಬುದಕ್ಕೆ ಮರುವರ್ಷವೇ ಎದುರು ಉದಾಹರಣೆ ಸಿಕ್ಕಿತು. 2018ರ ನವೆಂಬರ್‌ನಲ್ಲಿ ಆಂಟಿಗಾದಲ್ಲಿ ಇಂಗ್ಲೆಂಡ್ ವಿರುದ್ಧ ಟಿ20 ವಿಶ್ವಕಪ್ ಸೆಮಿಫೈನಲ್. ಮಿಥಾಲಿ ರಾಜ್ ಪಾಕಿಸ್ತಾನ, ಐರ್ಲೆಂಡ್ ವಿರುದ್ಧ ಅರ್ಧಶತಕ ಹೊಡೆದು, ಪೆಟ್ಟಿನಿಂದಾಗಿ ಆಸ್ಟ್ರೇಲಿಯಾ ವಿರುದ್ಧದ ಪಂದ್ಯ ತಪ್ಪಿಸಿಕೊಂಡಿದ್ದರು. ಆ ಪಂದ್ಯವನ್ನು ಭಾರತ ಗೆದ್ದಿತು. ಗೆದ್ದ ಹನ್ನೊಂದನ್ನು ಕದಲಿಸಬಾರದು ಎಂದು ಸೆಮಿಫೈನಲ್‌ಗೂ ಅವರನ್ನು ಹೊರಗಿಟ್ಟರು. ವೇದಾ ಆ ಹನ್ನೊಂದರಲ್ಲಿದ್ದರು. ಭಾರತ 112ಕ್ಕೆ ಆಲೌಟ್ ಆಗಿ 8 ವಿಕೆಟ್‌ಗಳಿಂದ ಸೋತಿತು. ಮುಂದೆ ಮಿಥಾಲಿ ಕ್ರಿಕೆಟ್ ಮಂಡಳಿಗೆ ಬರೆದ ಪತ್ರ, ತರಬೇತುದಾರ ರಮೇಶ್ ಪವಾರ್ ಅವರ ಉತ್ತರ ಎಲ್ಲವೂ ಬೀದಿಗೆ ಬಂದವು. ರಾಜೇಶ್ವರಿಯ ವಿಚಾರದಲ್ಲಿ ಹೊಗಳಿಸಿಕೊಂಡ ಧೈರ್ಯವೇ ಮಿಥಾಲಿಯ ವಿಚಾರದಲ್ಲಿ ಅಹಂಕಾರ ಅನ್ನಿಸಿಕೊಂಡಿತು. ಒಂದು ತೀರ್ಮಾನ ಸರಿಯೇ ಎಂದು ನೋಡಬೇಕಾದ್ದು ಅದನ್ನು ಮಾಡಿದ ಹೊತ್ತಿನಲ್ಲಿ ಕೈಯಲ್ಲಿದ್ದ ಮಾಹಿತಿಯಿಂದ: ಪಿಚ್ ಹೇಗಿತ್ತು, ಎದುರಾಳಿಯ ಬಲಹೀನತೆ ಏನು, ಆಟಗಾರ್ತಿಯ ಮೈ ಸರಿಯಿತ್ತೇ. ಆ ಕಾರಣಗಳನ್ನು ಆಯ್ಕೆಗಾರರು ಬರೆದಿಡದೆ ಇದ್ದರೆ ಹೊರಗಿನವರಿಗೆ ಉಳಿಯುವುದು ಸ್ಕೋರ್‌ಕಾರ್ಡ್ ಒಂದೇ.

ವೇದಾ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯ 2020ರ ಮಾರ್ಚ್ 8ರಂದು ಮೆಲ್ಬರ್ನ್‌ನಲ್ಲಿ ನಡೆದ ಟಿ20 ವಿಶ್ವಕಪ್ ಫೈನಲ್. ಮೈದಾನದಲ್ಲಿ 86,174 ಪ್ರೇಕ್ಷಕರಿದ್ದರು. ಭಾರತ 99ಕ್ಕೆ ಆಲೌಟ್ ಆದ ಆ ಪಂದ್ಯದಲ್ಲಿ ಅವರು 19 ರನ್ ಮಾಡಿದರು. ಆಮೇಲೆ ಕೊರೊನಾದಿಂದಾಗಿ ವರ್ಷದ ಕಾಲ ಆಟ ನಿಂತಿತು. 2021ರ ಮಾರ್ಚ್‌ನಲ್ಲಿ ಲಖನೌದಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧದ ಸರಣಿಗೆ ಅವರ ಜೊತೆ ಶಿಖಾ ಪಾಂಡೆ, ತಾನಿಯಾ ಭಾಟಿಯಾ ಅವರನ್ನೂ ಬಿಡಲಾಯಿತು. ಮೇ ತಿಂಗಳಲ್ಲಿ ಇಂಗ್ಲೆಂಡ್ ಪ್ರವಾಸದ ತಂಡ ಪ್ರಕಟವಾದಾಗ ಶಿಖಾ, ತಾನಿಯಾ ಮರಳಿದ್ದರು, ವೇದಾ ಹೆಸರಿರಲಿಲ್ಲ. ಆ ಹೊತ್ತಿಗೆ ಅವರು ಕೊರೊನಾಕ್ಕೆ ತಾಯಿಯನ್ನೂ ಅಕ್ಕನನ್ನೂ ಕೆಲವೇ ದಿನಗಳ ಅಂತರದಲ್ಲಿ ಕಳೆದುಕೊಂಡಿದ್ದರು. ಆಸ್ಟ್ರೇಲಿಯಾದ ಮಾಜಿ ನಾಯಕಿ ಲೀಸಾ ಸ್ಥಳೇಕರ್ ಬಹಿರಂಗವಾಗಿಯೇ ಆಕ್ಷೇಪ ಎತ್ತಿದರು. ಆರಿಸದಿರುವ ತೀರ್ಮಾನ ಸರಿಯೇ ಇರಬಹುದು, ಆದರೆ ಇಂಥ ಹೊತ್ತಿನಲ್ಲಿ ಒಂದು ಮಾತು ಆಡಿ ಕ್ಷೇಮ ವಿಚಾರಿಸುವುದು ಬೇಡವೇ ಎಂಬುದು ಅವರ ಪ್ರಶ್ನೆಯಾಗಿತ್ತು. ಮಂಡಳಿಯ ಆಗಿನ ಕಾರ್ಯದರ್ಶಿ ಜಯ್ ಶಾ ಮಾತನಾಡಿದ್ದಕ್ಕೆ ವೇದಾ ಕೆಲ ದಿನಗಳಲ್ಲಿ ಕೃತಜ್ಞತೆ ಹೇಳಿದರು. 48 ಏಕದಿನ, 76 ಟಿ20 ಪಂದ್ಯ ಆಡಿದ್ದ ಅವರು ಮತ್ತೆ ಭಾರತದ ಪರ ಇಳಿಯಲಿಲ್ಲ. 2025ರ ಜುಲೈನಲ್ಲಿ ನಿವೃತ್ತಿ ಪ್ರಕಟಿಸಿದರು.

ಈ ಪ್ರಸಂಗದಲ್ಲಿ ಎರಡು ವಿಷಯ ಬೇರೆ ಬೇರೆ ಇಡಬೇಕು. ವೇದಾ ಅವರ ಬ್ಯಾಟಿಂಗ್ ಆ ಹೊತ್ತಿಗೆ ಇಳಿಮುಖವಾಗಿತ್ತು, ಕಿರಿಯ ರಿಚಾ ಘೋಷ್ ಅದೇ ಕೆಳಕ್ರಮಾಂಕಕ್ಕೆ ಬರುತ್ತಿದ್ದರು. ಆದ್ದರಿಂದ ಕೈಬಿಟ್ಟದ್ದನ್ನು ಅನ್ಯಾಯ ಎನ್ನಲಾಗದು. ಕೈಬಿಟ್ಟ ಆಟಗಾರರಿಗೆ ಕಾರಣ ತಿಳಿಸುವುದು ಆಯ್ಕೆಯ ಕೆಲಸದ ಭಾಗವೇ ಹೊರತು ಅದು ಉಪಕಾರವಲ್ಲ. ಈ ಎರಡನೆಯದನ್ನು ಭಾರತದ ಕ್ರೀಡಾ ಸಂಸ್ಥೆಗಳು ಇನ್ನೂ ಪೂರ್ತಿ ಕಲಿತಿಲ್ಲ.

ಫಾರ್ಮ್ ಮುಖ್ಯವೋ ತಂಡದ ಹೊಂದಾಣಿಕೆ ಮುಖ್ಯವೋ ಎಂಬ ಹಳೆಯ ವಾದಕ್ಕೆ ಕರ್ನಾಟಕದವರಿಗೆ ಕರುಣ್ ನಾಯರ್ ಹೆಸರೇ ಸಾಕು. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303 ಹೊಡೆದವರಿಗೆ ಮುಂದಿನ ಟೆಸ್ಟ್‌ನಲ್ಲಿ ಜಾಗವಿರಲಿಲ್ಲ. ಪೆಟ್ಟಿನಿಂದ ಚೇತರಿಸಿಕೊಂಡ ಅಜಿಂಕ್ಯ ರಹಾನೆ ತಮ್ಮ ಜಾಗಕ್ಕೆ ಮರಳಿದ್ದರು. ಅದಕ್ಕೊಂದು ತರ್ಕವಿತ್ತು. 2018ರ ಇಂಗ್ಲೆಂಡ್ ಪ್ರವಾಸದಲ್ಲಿ ನಡೆದದ್ದಕ್ಕೆ ತರ್ಕ ಹುಡುಕುವುದು ಕಷ್ಟ. ಮೊದಲ ಟೆಸ್ಟ್‌ನಿಂದ ತಂಡದ ಜೊತೆಗಿದ್ದ ನಾಯರ್ ಅವರನ್ನು ಬಿಟ್ಟು, ಕೊನೆಯ ಎರಡು ಟೆಸ್ಟ್‌ಗೆಂದು ಕರೆಸಿಕೊಂಡ ಹನುಮ ವಿಹಾರಿ ಅವರನ್ನು ಓವಲ್‌ನಲ್ಲಿ ಆಡಿಸಿದರು. ಮುಂದೆ ನಾಯರ್ ವಿದರ್ಭಕ್ಕೆ ಹೋಗಿ 2024–25ರ ವಿಜಯ್ ಹಜಾರೆ ಟೂರ್ನಿಯಲ್ಲಿ 779 ರನ್ ಕಲೆಹಾಕಿ, 2025ರಲ್ಲಿ ಎಂಟು ವರ್ಷದ ನಂತರ ಟೆಸ್ಟ್ ತಂಡಕ್ಕೆ ಮರಳಿದರು. ಇಂಗ್ಲೆಂಡಿನಲ್ಲಿ ನಾಲ್ಕು ಟೆಸ್ಟ್ ಆಡಿ ಮತ್ತೆ ಹೊರಗಾದರು.

ಕ್ರಿಕೆಟ್‌ನಲ್ಲಿ ದಶಕಗಳ ಕಾಲ ಐದು ವಲಯಗಳಿಂದ ಒಬ್ಬೊಬ್ಬ ಆಯ್ಕೆಗಾರರಿದ್ದರು. ತಮ್ಮ ವಲಯದವರನ್ನು ತುರುಕುತ್ತಾರೆ ಎಂಬ ದೂರು ಅಷ್ಟೇ ಹಳೆಯದು. ಆದರೆ ದೊಡ್ಡ ದೇಶದಲ್ಲಿ ಎಲ್ಲ ಕಡೆಯ ಆಟ ನೋಡುವ ಕಣ್ಣು ಬೇಕು ಎಂಬ ಆಶಯವೂ ಅದರಲ್ಲಿತ್ತು. ಆದರೂ ದಕ್ಷಿಣ ವಲಯದ ಪ್ರತಿನಿಧಿ ನೋಡುತ್ತಿದ್ದುದು ರಾಜ್ಯ ತಂಡಗಳ ಆಟವನ್ನು. ರಾಜ್ಯ ತಂಡಕ್ಕೆ ಬಂದವರನ್ನು ಅಷ್ಟೇ ಅವರು ಬಲ್ಲವರಾಗಿದ್ದರು. ಜಿಲ್ಲೆಯ ಅಹವಾಲು ಅವರವರೆಗೂ ಹೋಗುತ್ತಿರಲಿಲ್ಲ.

ಪಕ್ಕದ ಕಾಫಿ ಜಿಲ್ಲೆ ಕೊಡಗಿಗೆ ಬಂದರೆ ಆಟ ಹಾಕಿ, ವಾದಗಳೂ ಬೇರೆ. ಹಾಕಿಯಲ್ಲಿ ತಿಂಗಳುಗಟ್ಟಲೆ ಶಿಬಿರದಲ್ಲಿಟ್ಟು, ಅಲ್ಲಿಂದ ಆರಿಸುತ್ತಾರೆ. ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರವೇ ಈ ಶಿಬಿರಗಳ ಮುಖ್ಯ ನೆಲೆ. ಆಯ್ಕೆಗಾರರಿಗೆ ಆಟಗಾರನ ದಿನದಿನದ ಅಭ್ಯಾಸ ಗೊತ್ತಿರುತ್ತದೆ ಎಂಬುದು ಇದರ ಅನುಕೂಲ. ಶಿಬಿರದ ಹೊರಗಿದ್ದವನು ಎಷ್ಟೇ ಚೆನ್ನಾಗಿ ಆಡಿದರೂ ಕಾಣುವುದಿಲ್ಲ ಎಂಬುದು ಅನನುಕೂಲ. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ 32 ವರ್ಷದ ನಂತರ ಚಿನ್ನ ತಂದ ತಂಡದ ನಾಯಕ ಧನರಾಜ್ ಪಿಳ್ಳೈ ಸೇರಿ ಹಲವು ಹಿರಿಯರನ್ನು ವಿಶ್ರಾಂತಿಯ ಹೆಸರಿನಲ್ಲಿ ಹೊರಗಿಟ್ಟದ್ದು ಈ ಆಟದ ದೊಡ್ಡ ಆಯ್ಕೆ ವಿವಾದಗಳಲ್ಲೊಂದು. ಸೋಮವಾರಪೇಟೆಯ ಎಸ್.ವಿ. ಸುನಿಲ್ 264 ಪಂದ್ಯ ಆಡಿಯೂ ಟೋಕಿಯೊ ಒಲಿಂಪಿಕ್ಸ್ ತಂಡಕ್ಕೆ ಆಯ್ಕೆಯಾಗಲಿಲ್ಲ. ಆ ತಂಡ 41 ವರ್ಷದ ನಂತರ ಪದಕ ಗೆದ್ದ ಕೆಲವೇ ವಾರಗಳಲ್ಲಿ ಅವರು ನಿವೃತ್ತರಾದರು.

ಟೋಕಿಯೊದ ಅದೇ ತಂಡದಲ್ಲಿ ಇನ್ನೊಂದು ಸಂಗತಿ ನಡೆಯಿತು. ನಿಯಮದಂತೆ ಒಲಿಂಪಿಕ್ಸ್ ಹಾಕಿ ತಂಡಕ್ಕೆ 16 ಮಂದಿ. ಮೀಸಲು ಆಟಗಾರರು ಯಾರಾದರೂ ಗಾಯಗೊಂಡರೆ ಮಾತ್ರ ಒಳಬರಬೇಕು. ಕೊರೊನಾದ ಕಾರಣ ಆ ವರ್ಷ ಮೀಸಲಿನವರನ್ನೂ ಸೇರಿಸಿ 18 ಮಂದಿಯಿಂದ ಪ್ರತಿ ಪಂದ್ಯಕ್ಕೂ 16 ಮಂದಿಯನ್ನು ಆರಿಸಲು ಬಿಟ್ಟರು. ಹೀಗೆ ಒಳಬಂದ ಸಿಮ್ರನ್‌ಜೀತ್ ಸಿಂಗ್, ಜರ್ಮನಿಯನ್ನು 5–4ರಿಂದ ಮಣಿಸಿದ ಕಂಚಿನ ಪಂದ್ಯದಲ್ಲಿ ಎರಡು ಗೋಲು ಹೊಡೆದರು. ಹದಿನಾರನೆಯವನಿಗೂ ಹದಿನೇಳನೆಯವನಿಗೂ ನಡುವಿನ ಗೆರೆಯನ್ನು ಆಯ್ಕೆಗಾರರು ಎಷ್ಟು ಖಚಿತವಾಗಿ ಎಳೆಯಬಲ್ಲರು ಎಂದು ಕೇಳುವವರಿಗೆ ಇದು ಒಳ್ಳೆಯ ಪುರಾವೆ.

ಕೊಡಗಿನ ಕಾಫಿ ಬೆಳೆಗಾರರ ಮನೆಯಿಂದ ಬಂದ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಅವರ ವಿಚಾರದಲ್ಲಿ ಪ್ರಶ್ನೆಯೇ ಬೇರೆ: ಜೊತೆಗಾರನನ್ನು ಆರಿಸುವುದು ಯಾರು? 2012ರಲ್ಲಿ ಅವರೂ ಮಹೇಶ್ ಭೂಪತಿಯೂ ಲಿಯಾಂಡರ್ ಪೇಸ್ ಜೊತೆ ಆಡಲು ಒಪ್ಪದೆ ಹೋದಾಗ ಅಖಿಲ ಭಾರತ ಟೆನಿಸ್ ಸಂಸ್ಥೆ ಲಂಡನ್ ಒಲಿಂಪಿಕ್ಸ್‌ಗೆ ಎರಡು ಜೋಡಿ ಕಳಿಸಿತು, ಆಮೇಲೆ ಬೋಪಣ್ಣ, ಭೂಪತಿ ಇಬ್ಬರ ಮೇಲೂ ನಿಷೇಧ ಹೇರಿತು. 2016ರಲ್ಲಿ ಬೋಪಣ್ಣ ವಿಶ್ವದ ಮೊದಲ ಹತ್ತರೊಳಗಿದ್ದರು. ಜೊತೆಗಾರನಾಗಿ ಸಾಕೇತ್ ಮೈನೇನಿ ಬೇಕೆಂದರು. ಸಂಸ್ಥೆ ಪೇಸ್ ಅವರನ್ನೇ ಕೊಟ್ಟಿತು. ರಿಯೊದಲ್ಲಿ ಜೋಡಿ ಮೊದಲ ಸುತ್ತಿನಲ್ಲೇ ಸೋತಿತು. 2024ರಲ್ಲಿ, 43ರ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ಅಗ್ರ ಶ್ರೇಯಾಂಕಕ್ಕೇರಿದ ವರ್ಷ, ಸಂಸ್ಥೆ ಅವರ ಮಾತನ್ನೇ ಒಪ್ಪಿ ಎನ್. ಶ್ರೀರಾಮ್ ಬಾಲಾಜಿಯನ್ನು ಜೊತೆಗೆ ಕಳಿಸಿತು. ಪ್ಯಾರಿಸ್‌ನಲ್ಲೂ ಅವರು ಮೊದಲ ಸುತ್ತು ದಾಟಲಿಲ್ಲ. ಯಾರು ಆರಿಸಿದರೂ ಸೋಲಬಹುದು. ಆದರೂ ಆಡುವವನ ಒಪ್ಪಿಗೆ ಇರುವ ಜೋಡಿಯೇ ಮೇಲು.

ಗಡಿಯಾರವೇ ಆರಿಸುವ ಆಟಗಳಲ್ಲಿ ಇಂಥ ತಕರಾರು ಇರಬಾರದು ಎನ್ನಿಸುತ್ತದೆ. ರಕ್ಷಿತಾ ರಾಜು ಅವರ ದಾರಿ ನೋಡಿದರೆ ಅದು ಪೂರ್ತಿ ನಿಜವಲ್ಲ ಎಂದು ತಿಳಿಯುತ್ತದೆ. ಹುಟ್ಟಿನಿಂದ ಕಣ್ಣು ಕಾಣದ, ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಅಜ್ಜಿಯ ಆಸರೆಯಲ್ಲಿ ಬೆಳೆದ ಈ ಹುಡುಗಿ ಓದಿದ್ದು ಚಿಕ್ಕಮಗಳೂರಿನ ಆಶಾಕಿರಣ ಅಂಧ ಮಕ್ಕಳ ಶಾಲೆಯಲ್ಲಿ. ಓಡಲು ಕಲಿತದ್ದೂ ಆ ಶಾಲೆಯ ದಿನಗಳಲ್ಲೇ. 2018ರ ಜಕಾರ್ತಾ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 1500 ಮೀಟರ್ ಟಿ11 ವಿಭಾಗದ ಚಿನ್ನ ಗೆದ್ದರು, 2023ರಲ್ಲಿ ಹಾಂಗ್‌ಝೌನಲ್ಲಿ ಮತ್ತೆ ಗೆದ್ದರು. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಅದೇ ದೂರ ಓಡಿದರು. ಭಾರತದ ಅಂಧ ಮಹಿಳೆಯೊಬ್ಬರು ಆ ಓಟಕ್ಕೆ ಅರ್ಹತೆ ಪಡೆದದ್ದು ಅದೇ ಮೊದಲು.

ಟಿ11 ಪೂರ್ತಿ ದೃಷ್ಟಿ ಇಲ್ಲದವರ, ಅಥವಾ ಇಲ್ಲವೆನ್ನುವಷ್ಟೇ ಇರುವವರ ವಿಭಾಗ. ಓಟಗಾರರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಗೈಡ್ ರನ್ನರ್ ಜೊತೆ ಒಂದು ಗಿಡ್ಡ ಹಗ್ಗ ಹಿಡಿದು ಓಡುತ್ತಾರೆ. ಗೈಡ್ ಎಳೆಯಬಾರದು, ದೂಡಬಾರದು, ಗುರಿ ಗೆರೆಯನ್ನು ಓಟಗಾರರಿಗಿಂತ ಮೊದಲು ದಾಟಬಾರದು. ಆದರೆ ಓಟಗಾರರಿಗಿಂತ ಸ್ವಲ್ಪ ಹೆಚ್ಚೇ ವೇಗವಿರಬೇಕು, ಹೆಜ್ಜೆ ಕೈಬೀಸುಗಳೆರಡೂ ಕೂಡಿಬರಬೇಕು. ಹಾಗಾಗಿ ಇಲ್ಲಿ ಆಯ್ಕೆ ಇಬ್ಬರದು. ರಕ್ಷಿತಾ ಅವರ ಜೊತೆ ಓಡಿದವರು ರಾಹುಲ್ ಬಾಲಕೃಷ್ಣ. ಇಂಥ ಜೊತೆಗಾರ ಸಿಗದೆ ಇದ್ದರೆ ಎಷ್ಟೇ ವೇಗವಿದ್ದರೂ ಗಡಿಯಾರದಲ್ಲಿ ಅದು ದಾಖಲಾಗುವುದಿಲ್ಲ. ಅರ್ಹತಾ ಸಮಯ ಮುಟ್ಟಿದ ಮೇಲೂ ಪ್ಯಾರಾಲಿಂಪಿಕ್ಸ್‌ನ ಸ್ಥಾನ ಸೇರುವುದು ದೇಶದ ಸಮಿತಿಗೆ. ಇರುವ ಸ್ಥಾನಗಳನ್ನು ಯಾವ ಸ್ಪರ್ಧೆಗೆ ಹಂಚಬೇಕು ಎಂಬ ತೀರ್ಮಾನ ಆಗಲೂ ಮನುಷ್ಯರದೇ.

ಅಂಧರ ಕ್ರಿಕೆಟ್‌ನಲ್ಲಿ ಆಯ್ಕೆಯ ನಿಯಮ ಇನ್ನೂ ಖಚಿತ. ಹನ್ನೊಂದರಲ್ಲಿ ಪೂರ್ತಿ ಕಾಣದ ಬಿ1 ವಿಭಾಗದ ನಾಲ್ವರು, ಅಲ್ಪ ದೃಷ್ಟಿಯ ಬಿ2 ವಿಭಾಗದ ಮೂವರು, ಬಿ3 ವಿಭಾಗದ ನಾಲ್ವರು ಇರಬೇಕು. ಬಿ1 ಬ್ಯಾಟರ್ ಹೊಡೆದ ರನ್ನಿಗೆ ಎರಡರಷ್ಟು ಲೆಕ್ಕ. ಪೂರ್ತಿ ಕಾಣದವರು ತಂಡಕ್ಕೆ ಹೊರೆಯಾಗದೆ ಬಲವಾಗುವಂತೆ ಕಟ್ಟಿದ ನಿಯಮ ಇದು. 2025ರ ನವೆಂಬರ್‌ನಲ್ಲಿ ಕೊಲಂಬೊದಲ್ಲಿ ಅಂಧ ಮಹಿಳೆಯರ ಮೊದಲ ಟಿ20 ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ ಕರ್ನಾಟಕದ ಟಿ.ಸಿ. ದೀಪಿಕಾ. ಆಯ್ಕೆಯ ನ್ಯಾಯವನ್ನು ಆಯ್ಕೆಗಾರರ ಒಳ್ಳೆಯತನಕ್ಕೆ ಬಿಡದೆ ನಿಯಮದಲ್ಲೇ ಬರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಈ ಆಟ ಮಾದರಿ.

ಆಯ್ಕೆಯ ಜಗಳ ನ್ಯಾಯಾಲಯಕ್ಕೆ ಹೋದದ್ದೂ ಉಂಟು. 2016ರ ರಿಯೊ ಒಲಿಂಪಿಕ್ಸ್‌ನ 74 ಕೆ.ಜಿ. ಕುಸ್ತಿಗೆ ಅರ್ಹತೆ ಗಳಿಸಿಕೊಟ್ಟವರು ನರಸಿಂಗ್ ಯಾದವ್. ಎರಡು ಒಲಿಂಪಿಕ್ ಪದಕಗಳ ಸುಶೀಲ್ ಕುಮಾರ್ ಟ್ರಯಲ್ಸ್ ನಡೆಸಿ ಎಂದು ದೆಹಲಿ ಹೈಕೋರ್ಟಿಗೆ ಹೋದರು. ತಂಡ ಆರಿಸುವುದು ಫೆಡರೇಷನ್ನಿನ ಕೆಲಸ ಎಂದು ಕೋರ್ಟ್ ಅರ್ಜಿ ವಜಾ ಮಾಡಿತು. 2019ರಲ್ಲಿ ಬಾಕ್ಸರ್ ನಿಖತ್ ಜರೀನ್ ಮೇರಿ ಕೋಮ್ ಜೊತೆ ಟ್ರಯಲ್ಸ್ ಬೇಕೆಂದು ಹಟ ಹಿಡಿದರು. ಟ್ರಯಲ್ಸ್ ನಡೆದು 9–1ರಿಂದ ಸೋತರು, ಆದರೆ ಹಿರಿಯರೂ ಪರೀಕ್ಷೆಗೆ ನಿಲ್ಲಬೇಕು ಎಂಬ ಮಾತು ನಿಂತಿತು. 2022ರಲ್ಲಿ ಅವರೇ ವಿಶ್ವ ಚಾಂಪಿಯನ್ ಆದರು. 2011ರ ರಾಷ್ಟ್ರೀಯ ಕ್ರೀಡಾ ಸಂಹಿತೆಯ ನಂತರ 2025ರಲ್ಲಿ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಬಂದಿದೆ. ಕ್ರೀಡಾ ವ್ಯಾಜ್ಯಗಳಿಗೆಂದೇ ನ್ಯಾಯಮಂಡಳಿ ಇರಬೇಕೆಂದು ಅದು ಹೇಳುತ್ತದೆ. ತಂಡ ಪ್ರಕಟವಾಗುವುದಕ್ಕೂ ಹೊರಡುವುದಕ್ಕೂ ನಡುವೆ ಸಾಮಾನ್ಯವಾಗಿ ಕೆಲವೇ ವಾರ ಇರುವುದರಿಂದ, ಆ ಮಂಡಳಿ ಎಷ್ಟು ಬೇಗ ತೀರ್ಪು ಕೊಡುತ್ತದೆ ಎಂಬುದರ ಮೇಲೆಯೇ ಅದರ ಉಪಯೋಗ.

ಈ ಎಲ್ಲ ವಾದಗಳಲ್ಲಿ ಪಾಲು ಪಡೆಯುವವರು ಹೇಗೋ ಆಯ್ಕೆಯ ಬಾಗಿಲವರೆಗೆ ಬಂದವರು. ಕಾಫಿ ಮಲೆಯ ಮಗು ಬಾಗಿಲವರೆಗೆ ಬರುವ ದಾರಿಯನ್ನು ಭೂಗೋಳವೂ ಪಂಚಾಂಗವೂ ಸೇರಿ ಕಟ್ಟಿಹಾಕುತ್ತವೆ. ಚಪ್ಪಟೆ ನೆಲ ಮಲೆನಾಡಿನಲ್ಲಿ ಕಡಿಮೆ. ಇರುವುದು ಗದ್ದೆ, ಶಾಲೆಯ ಅಂಗಳ, ತೋಟದ ಕಾಫಿ ಕಣ. ಕೊಯ್ಲು ಮುಗಿದ ಗದ್ದೆಯಲ್ಲಿ ವಾಲಿಬಾಲ್ ನೆಟ್ ಏಳುತ್ತದೆ, ಕಣದ ಸಿಮೆಂಟಿನ ಮೇಲೆ ಟೆನಿಸ್ ಚೆಂಡಿನ ಕ್ರಿಕೆಟ್ ನಡೆಯುತ್ತದೆ. ಆದರೆ ನವೆಂಬರ್‌ನಿಂದ ಅರೇಬಿಕಾ, ಅದರ ಹಿಂದೆಯೇ ರೊಬಸ್ಟಾ ಹಣ್ಣು ಬಂದು ಕಣ ತುಂಬಿದರೆ ಫೆಬ್ರವರಿ, ಮಾರ್ಚ್‌ವರೆಗೆ ಅಲ್ಲಿ ಕಾಲಿಡುವಂತಿಲ್ಲ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ. ಕೊಟ್ಟಿಗೆಹಾರ, ಕಳಸದ ಕಡೆ ಆ ನಾಲ್ಕು ತಿಂಗಳು ಅಂಗಳದಲ್ಲಿ ಪಾಚಿ ಕಟ್ಟುತ್ತದೆ. ಹೀಗೆ ಕಳೆದರೆ ನಿಶ್ಚಿಂತೆಯಿಂದ ಆಡಲು ಉಳಿಯುವುದು ಮುಖ್ಯವಾಗಿ ಬೇಸಿಗೆಯ ಎರಡು ತಿಂಗಳು. ಸಿಮೆಂಟಿನ ಮೇಲೆ ಆಡಿ ಬೆಳೆದ ಕೈಗೆ ಲೆದರ್ ಚೆಂಡು, ಮಣ್ಣಿನ ಪಿಚ್ ಎರಡೂ ಹೊಸವು.

ಶಾಲಾ ಕ್ರೀಡಾಕೂಟಗಳ ವೇಳಾಪಟ್ಟಿ ಈ ಪಂಚಾಂಗವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೇಲೇರುವ ಈ ಸ್ಪರ್ಧೆಗಳ ಮೊದಲ ಹಂತಗಳು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬರುತ್ತವೆ. ದಸರಾ ಕ್ರೀಡಾಕೂಟದ ತಾಲ್ಲೂಕು ಹಂತವೂ ಅದೇ ಹೊತ್ತು. ಬಯಲುಸೀಮೆಯ ಮಗು ಒಣ ನೆಲದಲ್ಲಿ ಓಡಿ ಆಯ್ಕೆಯಾಗುವಾಗ ಮೂಡಿಗೆರೆಯ ಮಗು ಕೆಸರಿನಲ್ಲಿ ಓಡುತ್ತದೆ. ಅಭ್ಯಾಸವಂತೂ ಮಳೆ ರಜೆಗಳಲ್ಲಿ ಕೊಚ್ಚಿಹೋಗಿರುತ್ತದೆ. ಜಿಲ್ಲಾ ಮಟ್ಟದಲ್ಲಿ ಇಬ್ಬರ ಸಮಯವನ್ನೂ ಒಂದೇ ಹಾಳೆಯಲ್ಲಿ ಬರೆದು ಹೋಲಿಸುತ್ತಾರೆ. ಬಿ1 ಬ್ಯಾಟರ್‌ನ ರನ್ನಿಗೆ ಸಿಕ್ಕ ನ್ಯಾಯ ಈ ಹಾಳೆಯಲ್ಲಿ ಇಲ್ಲ.

ದೂರದ ಲೆಕ್ಕ ಬೇರೆ. ಕಡೂರು ಇದೇ ಜಿಲ್ಲೆಯದಾದರೂ ಬಯಲು ನೆಲ, ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದ ಮೇಲಿನ ಊರು. ವೇದಾ ಅಲ್ಲಿಂದ ಬಂದವರು ಎಂಬುದನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು. ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರಲ್ಲಿ. ಮೂಡಿಗೆರೆಗೂ ಕಳಸಕ್ಕೂ ರೈಲಿಲ್ಲ. ಕಳಸ ಪ್ರತ್ಯೇಕ ತಾಲ್ಲೂಕಾಗುವ ಮುನ್ನ ಅಲ್ಲಿನ ಮಕ್ಕಳಿಗೆ ತಾಲ್ಲೂಕು ಮಟ್ಟ ಎಂದರೂ ಘಟ್ಟದ ತಿರುವುಗಳಲ್ಲಿ ಅರವತ್ತು ಕಿ.ಮೀ. ಆಸುಪಾಸಿನ ಮೂಡಿಗೆರೆ, ಜಿಲ್ಲಾ ಕೇಂದ್ರಕ್ಕೆ ಇನ್ನೂ ದೂರ. ಬೆಂಗಳೂರಿನಲ್ಲಿ ಬೆಳಿಗ್ಗೆ ಟ್ರಯಲ್ಸ್ ಇದ್ದರೆ ರಾತ್ರಿ ಬಸ್ಸಿನಲ್ಲಿ ಹೊರಟು, ನಿದ್ದೆಗೆಟ್ಟ ಕಣ್ಣಿನಲ್ಲೇ ಮೈದಾನಕ್ಕೆ ಇಳಿಯಬೇಕು. ಜೊತೆಗೆ ಹೋಗುವ ಪೋಷಕರಿಗೆ ಎರಡು ದಿನದ ಕೂಲಿ ಹೋಗುತ್ತದೆ. ತೋಟದ ಲೈನಿನಲ್ಲಿ ಇರುವವರಿಗೆ ಇದು ಸಣ್ಣ ಮೊತ್ತವಲ್ಲ. ಅವರಲ್ಲಿ ಈಗ ಅಸ್ಸಾಂ ಮುಂತಾದ ಕಡೆಗಳಿಂದ ಬಂದ ಕುಟುಂಬಗಳೂ ಇವೆ. ಆ ಮಕ್ಕಳಿಗೆ ಜನನ ಪ್ರಮಾಣಪತ್ರ, ಶಾಲಾ ದಾಖಲೆ ಹೊಂದಿಸುವುದೇ ದೊಡ್ಡ ಕೆಲಸ. ವಯೋಮಿತಿಯ ತಂಡಗಳಿಗೆ ಈ ಕಾಗದ ಇಲ್ಲದೆ ಹೆಸರು ಬರೆಸುವಂತಿಲ್ಲ.

ಕೊಡಗಿನಲ್ಲೂ ಇದೇ ಮಳೆ, ಇದೇ ಗುಡ್ಡ, ಇದೇ ಕಾಫಿ. ಆದರೂ ಅಲ್ಲಿಂದ ಸಾಲು ಸಾಲಾಗಿ ಹಾಕಿ ಆಟಗಾರರು ಬಂದಿದ್ದಾರೆ. ಸೇನೆಯ ನಂಟು ಒಂದು ಕಾರಣ. ಇನ್ನೊಂದು, ಆಟದ ಕಾಲವನ್ನು ಅಲ್ಲಿನವರು ತಮ್ಮ ಮಳೆ ಬೆಳೆಗೆ ತಕ್ಕಂತೆ ಇಟ್ಟುಕೊಂಡದ್ದು. ಪಾಂಡಂಡ ಕುಟ್ಟಪ್ಪ 1997ರಲ್ಲಿ ಕರಡದಲ್ಲಿ 60 ಕುಟುಂಬಗಳೊಂದಿಗೆ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವ ಕೊಯ್ಲು ಮುಗಿದು ಮಳೆ ಹಿಡಿಯುವ ಮುನ್ನ, ಬೇಸಿಗೆಯಲ್ಲಿ ನಡೆಯುತ್ತದೆ. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಆಡಿದವು. ಅಜ್ಜನಿಂದ ಮೊಮ್ಮಗಳವರೆಗೆ ಒಂದೇ ಮನೆಯವರು ಸ್ಟಿಕ್ ಹಿಡಿದು ಇಳಿಯುವ ಈ ಆಟವನ್ನು ಮಾಜಿ ಅಂತರರಾಷ್ಟ್ರೀಯ ಆಟಗಾರರು ಗ್ಯಾಲರಿಯಲ್ಲಿ ಕುಳಿತು ನೋಡುತ್ತಾರೆ. ಆಯ್ಕೆಯ ಮೊದಲ ಹಂತ ಅಲ್ಲಿ ಮನೆಬಾಗಿಲಲ್ಲೇ ಮುಗಿಯುತ್ತದೆ.

ಚಿಕ್ಕಮಗಳೂರು ಜಿಲ್ಲೆಗೆ ಅಂಥ ಒಂದು ಆಟದ ಪರಂಪರೆ ಇಲ್ಲ. ಆದರೆ ಕಾಲವನ್ನು ಬದಲಿಸುವುದಕ್ಕೆ ಪರಂಪರೆ ಬೇಕಿಲ್ಲ. ಮಲೆನಾಡಿನ ತಾಲ್ಲೂಕುಗಳ ಶಾಲಾ ಆಯ್ಕೆಯನ್ನು ಮಳೆಗಾಲದಿಂದ ಹೊರತರುವುದು, ಕ್ರೀಡಾ ವಸತಿ ನಿಲಯಗಳ ಟ್ರಯಲ್ಸನ್ನು ಬೇಸಿಗೆಯಲ್ಲಿ ಮೂಡಿಗೆರೆ, ಕಳಸಗಳಲ್ಲೇ ನಡೆಸುವುದು, ಅದೇ ದಿನ ಅಲ್ಲೇ ವಯಸ್ಸಿನ ದಾಖಲೆಗಳ ಕೆಲಸವನ್ನೂ ಮುಗಿಸಿಕೊಡುವುದು ಶಿಕ್ಷಣ ಇಲಾಖೆ ಮತ್ತು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಆದೇಶಗಳಿಂದಲೇ ಆಗಬಹುದಾದ ಕೆಲಸಗಳು. ರಾಜ್ಯ ಮಟ್ಟದ ಕ್ರೀಡಾ ಸಂಸ್ಥೆಗಳೂ ವರ್ಷಕ್ಕೊಮ್ಮೆ ತಮ್ಮ ಆಯ್ಕೆಗಾರರನ್ನು ಘಟ್ಟ ಹತ್ತಿಸಬೇಕು. ಬೆಂಗಳೂರಿಗೆ ಬಂದ ನೂರು ಮಕ್ಕಳನ್ನು ನೋಡುವ ಖರ್ಚಿನಲ್ಲಿ ಒಬ್ಬ ಆಯ್ಕೆಗಾರ ಬಾಳೂರಿಗೂ ಕಳಸಕ್ಕೂ ಹೋಗಿ ಬರಬಹುದು. ಆಶಾಕಿರಣದಂಥ ವಸತಿ ಶಾಲೆಯೊಂದು ಒಬ್ಬ ಓಟಗಾರ್ತಿಯನ್ನು ಪ್ಯಾರಿಸ್‌ವರೆಗೆ ಕಳಿಸಿರುವಾಗ, ಮಲೆನಾಡಿನ ಸರ್ಕಾರಿ ವಸತಿ ಶಾಲೆಗಳಿಗೂ ಒಬ್ಬೊಬ್ಬ ಪೂರ್ಣಾವಧಿ ದೈಹಿಕ ಶಿಕ್ಷಕರನ್ನೂ ಮಳೆಯಲ್ಲೂ ಅಭ್ಯಾಸ ನಡೆಸಬಲ್ಲ ಒಂದು ಸೂರಿನಡಿಯ ಅಂಗಣವನ್ನೂ ಕೊಡುವುದು ಮೊದಲ ಕೆಲಸವಾಗಬೇಕು.